ಕರವಸ್ತ್ರ ಸಾಕ್ಷಿಯಾದದ್ದು ಹೇಗೆ

ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಮೂರನೆಯ ಅಂಕದ ಮೂರನೆಯ ದೃಶ್ಯ ರಂಗದ ಮೇಲೆ ಹೆಚ್ಚುಕಮ್ಮಿ ಅರ್ಧ ಗಂಟೆ ಹಿಡಿಯುತ್ತದೆ. ದೃಶ್ಯ ಶುರುವಾದಾಗ ಒಥೆಲೊ ಹೊಸದಾಗಿ ಮದುವೆಯಾದ ಗಂಡ. ಹೆಂಡತಿ ಡೆಸ್ಡಿಮೋನಾ ಏನು ಕೇಳಿದರೂ ಇಲ್ಲ ಎನ್ನಲಾರದವನು. ದೃಶ್ಯ ಮುಗಿಯುವ ಹೊತ್ತಿಗೆ ಅವನು ಮೊಣಕಾಲೂರಿ ಸೇಡಿನ ಶಪಥ ಮಾಡಿದ್ದಾನೆ. ತನ್ನ ಅಧಿಕಾರಿ ಕ್ಯಾಸಿಯೊ ಮೂರು ದಿನದೊಳಗೆ ಸಾಯಬೇಕೆಂದು ಆಜ್ಞೆ ಕೊಟ್ಟಿದ್ದಾನೆ. ಹೆಂಡತಿಯನ್ನು ಬೇಗ ಮುಗಿಸುವ ದಾರಿ ಯಾವುದೆಂದು ಯೋಚಿಸುತ್ತ ಒಳಗೆ ಹೋಗುತ್ತಾನೆ.

ಇಷ್ಟು ಬೇಗ ಒಬ್ಬ ಮನುಷ್ಯ ಹೀಗಾಗಬಲ್ಲನೆ ಎಂಬ ತಕರಾರು ಹಳೆಯದು. 1693ರಲ್ಲಿ ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ, ಒಂದು ಕರವಸ್ತ್ರದ ಸುತ್ತ ಇಷ್ಟೊಂದು ರಾದ್ಧಾಂತವೇ ಎಂದು ಈ ನಾಟಕವನ್ನು ಹೀಯಾಳಿಸಿದ್ದ. ಇವತ್ತಿಗೂ ನಾಟಕ ನೋಡಿ ಹೊರಬಂದವರಲ್ಲಿ ಹಲವರು ಒಥೆಲೊನನ್ನು ಹಿತ್ತಾಳೆ ಕಿವಿಯವನು ಎಂದು ತಳ್ಳಿಹಾಕುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕಳೆದ ಏಳು ದಶಕಗಳಲ್ಲಿ ಮನೋವಿಜ್ಞಾನ ಪ್ರಯೋಗಶಾಲೆಯಲ್ಲಿ ಕಂಡುಕೊಂಡ ಎಷ್ಟೋ ಸಂಗತಿಗಳು ಆ ಅರ್ಧ ಗಂಟೆಯೊಳಗೆ ಅಡಕವಾಗಿವೆ. ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಒಥೆಲೊನಲ್ಲಿ ಮೊದಲು ಕೆಟ್ಟದ್ದು ಸ್ವಭಾವ ಎನ್ನಲಾಗದು. ಯಾವುದನ್ನು ಸಾಕ್ಷಿ ಎನ್ನಬೇಕು, ಯಾವುದನ್ನು ಎನ್ನಬಾರದು ಎಂಬ ಅವನ ಲೆಕ್ಕ ಮೊದಲು ಕೆಟ್ಟಿತು. ಸಿಟ್ಟು, ಕ್ರೌರ್ಯ, ಕೊಲೆ ಎಲ್ಲವೂ ಅದರ ಹಿಂದೆ ಬಂದವು.

ಆ ಲೆಕ್ಕ ಮೊದಲು ಹೇಗಿತ್ತೆಂಬುದನ್ನು ನಾಟಕಕಾರ ಮೊದಲ ಅಂಕದಲ್ಲೇ ತೋರಿಸಿದ್ದಾನೆ. ವೆನಿಸ್ಸಿನ ಸೆನೆಟ್ ಮುಂದೆ ಡೆಸ್ಡಿಮೋನಾಳ ತಂದೆ ಬ್ರಬಾನ್ಷಿಯೊ ದೂರು ತಂದಿದ್ದಾನೆ: ಈ ಕಪ್ಪು ಸೇನಾಪತಿ ನನ್ನ ಮಗಳಿಗೆ ಮಾಟ ಮಾಡಿದ್ದಾನೆ, ಇಲ್ಲದಿದ್ದರೆ ಅವಳು ಇವನನ್ನು ಹೇಗೆ ಒಪ್ಪಿಯಾಳು? ಒಥೆಲೊ ಕೂಗಾಡುವುದಿಲ್ಲ. ಅವಳನ್ನೇ ಕರೆಸಿ, ಅವಳೇ ಹೇಳಲಿ. ಅವಳ ಮಾತಿನಿಂದ ನಾನು ತಪ್ಪಿತಸ್ಥ ಎಂದು ತೋರಿದರೆ ನನ್ನ ಪ್ರಾಣವನ್ನೇ ತೆಗೆದುಕೊಳ್ಳಿ ಎನ್ನುತ್ತಾನೆ. ಅವಳು ಬರುತ್ತಾಳೆ, ಎಲ್ಲರ ಮುಂದೆ ಹೇಳುತ್ತಾಳೆ, ದೂರು ಬಿದ್ದುಹೋಗುತ್ತದೆ. ಆರೋಪ ಬಂದಾಗ ಸಂಬಂಧಪಟ್ಟವರನ್ನು ಕರೆದು ಕೇಳಬೇಕು ಎಂಬುದು ಅವನಿಗೆ ತಿಳಿಯದ ವಿಷಯವಾಗಿರಲಿಲ್ಲ. ತನ್ನ ಮೇಲೆ ಆರೋಪ ಬಂದಾಗ ಅವನು ಬಳಸಿದ ವಿಧಾನವೇ ಅದು.

ಎರಡನೆಯ ಅಂಕದಲ್ಲಿ ಮೊದಲ ಬಿರುಕು ಕಾಣುತ್ತದೆ. ತುರ್ಕರ ನೌಕಾಪಡೆ ಬಿರುಗಾಳಿಗೆ ಸಿಕ್ಕಿ ಚೂರಾಗಿದೆ. ಯುದ್ಧಕ್ಕೆಂದು ಸೈಪ್ರಸ್ ದ್ವೀಪಕ್ಕೆ ಬಂದ ಸೇನಾಪತಿಗೆ ಯುದ್ಧವೇ ಇಲ್ಲ. ಆ ರಾತ್ರಿ ಒಥೆಲೊನ ಧ್ವಜಧಾರಿ ಇಯಾಗೊ ಕ್ಯಾಸಿಯೊಗೆ ಕುಡಿಸಿ ಜಗಳ ಹಚ್ಚುತ್ತಾನೆ. ಗದ್ದಲಕ್ಕೆ ಎದ್ದು ಬಂದ ಒಥೆಲೊ ಯಾರು ಶುರು ಮಾಡಿದ್ದು ಎಂದು ಕೇಳುತ್ತಾನೆ. ಕ್ಯಾಸಿಯೊ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಇಯಾಗೊ ಒಲ್ಲದ ಮನಸ್ಸಿನಿಂದ ಹೇಳುವವನಂತೆ, ಗೆಳೆಯನನ್ನು ಕಾಪಾಡಲು ನೋಡುವವನಂತೆ ನಡೆದದ್ದನ್ನು ವಿವರಿಸುತ್ತಾನೆ. ಆ ಒಂದೇ ಹೇಳಿಕೆಯ ಮೇಲೆ ಕ್ಯಾಸಿಯೊನ ಹುದ್ದೆ ಹೋಗುತ್ತದೆ. ರಣರಂಗದಲ್ಲಿ ಗುಣವಾಗಿರುವ ವೇಗ ಇಲ್ಲಿ ಸಂಸಾರದೊಳಗೆ ಕಾಲಿಡುತ್ತಿದೆ.

ಈ ‘ಒಲ್ಲದ ಮನಸ್ಸು’ ಇಯಾಗೊನ ಮುಖ್ಯ ಆಯುಧ. 1966ರಲ್ಲಿ ಇಲೇನ್ ವಾಲ್ಸ್‌ಟರ್, ಎಲಿಯಟ್ ಆರನ್ಸನ್ ಮತ್ತು ಡಾರ್ಸಿ ಅಬ್ರಹಾಮ್ಸ್ ಒಂದು ಪ್ರಯೋಗ ಪ್ರಕಟಿಸಿದರು. ಜೈಲಿನಲ್ಲಿರುವ ಅಪರಾಧಿಯೊಬ್ಬ ನ್ಯಾಯಾಲಯಗಳಿಗೆ ಹೆಚ್ಚು ಅಧಿಕಾರ ಬೇಕೆಂದು, ಅಂದರೆ ತನಗೇ ನಷ್ಟವಾಗುವಂತೆ ವಾದಿಸಿದಾಗ ಜನ ಅವನ ಮಾತಿಗೆ ಬೆಲೆ ಕೊಟ್ಟರು. ತನಗೆ ಲಾಭವಾಗುವಂತೆ ವಾದಿಸಿದಾಗ ಕೊಡಲಿಲ್ಲ. ಹೇಳುವವನಿಗೆ ಹೇಳುವುದರಿಂದ ಏನೂ ದಕ್ಕುವುದಿಲ್ಲ ಎಂದು ತೋರಿದರೆ ಸಾಕು, ಕೇಳುವವರ ಕಾವಲು ಸಡಿಲವಾಗುತ್ತದೆ. ಇಯಾಗೊ ಚಾಡಿ ಹೇಳಲು ಬಂದವನಂತೆ ಎಂದೂ ಕಾಣುವುದಿಲ್ಲ. ಪ್ರತಿ ಮಾತನ್ನೂ ಒಥೆಲೊ ಅವನ ಬಾಯಿಂದ ಎಳೆದು ತೆಗೆಯಬೇಕು.

ಎಳೆದು ತೆಗೆಯುವಾಗ ಏನಾಗುತ್ತದೆ ನೋಡಿ. ಕ್ಯಾಸಿಯೊ ಡೆಸ್ಡಿಮೋನಾಳಿಂದ ಬೀಳ್ಕೊಂಡು ಹೋಗುವುದು ದೂರದಿಂದ ಕಾಣುತ್ತದೆ. ಇಯಾಗೊ ತನ್ನಷ್ಟಕ್ಕೆ, ಇದು ನನಗೆ ಹಿಡಿಸಲಿಲ್ಲ ಎಂದು ಗೊಣಗುತ್ತಾನೆ. ಏನು ಅಂದೆ ಎಂದರೆ, ಏನಿಲ್ಲ ಸ್ವಾಮಿ. ಆಮೇಲೆ ಒಂದು ಪ್ರಶ್ನೆ: ನೀವು ಅವಳನ್ನು ಪ್ರೀತಿಸುತ್ತಿದ್ದಾಗ ಕ್ಯಾಸಿಯೊಗೆ ಅದು ಗೊತ್ತಿತ್ತೆ? ಗೊತ್ತಿತ್ತು, ಯಾಕೆ? ಸುಮ್ಮನೆ ಕೇಳಿದೆ. ಮುಂದೆ ಒಥೆಲೊ ಕೇಳಿದ್ದನ್ನೇ ಇವನು ಪ್ರತಿಧ್ವನಿಯಂತೆ ತಿರುಗಿ ಹೇಳುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ, ನಿಲ್ಲಿಸುತ್ತಾನೆ. ಆರೋಪದ ವಾಕ್ಯ ಇನ್ನೂ ಹುಟ್ಟಿಯೇ ಇಲ್ಲ. ಖಾಲಿ ಜಾಗವೊಂದು ಹುಟ್ಟಿದೆ, ಅದನ್ನು ತುಂಬುವ ಕೆಲಸ ಒಥೆಲೊನ ಪಾಲಿಗೆ ಬಂದಿದೆ.

ಖಾಲಿ ಜಾಗವನ್ನು ನಾವೇ ತುಂಬಿದಾಗ ಅದು ಎಷ್ಟು ಗಟ್ಟಿಯಾಗಿ ಕೂರುತ್ತದೆ ಎಂಬುದನ್ನು 1978ರಲ್ಲಿ ನಾರ್ಮನ್ ಸ್ಲಾಮೆಕಾ ಮತ್ತು ಪೀಟರ್ ಗ್ರಾಫ್ ಅಳೆದರು. ಓದಲು ಕೊಟ್ಟ ಪದಗಳಿಗಿಂತ, ಸುಳಿವು ಹಿಡಿದು ತಾವೇ ಪೂರ್ತಿ ಮಾಡಿದ ಪದಗಳು ಜನರ ನೆನಪಿನಲ್ಲಿ ಚೆನ್ನಾಗಿ ಉಳಿದವು. ನಾಟಕದಲ್ಲಿ ಇದರ ಅತ್ಯಂತ ನೋವಿನ ಕ್ಷಣ ಒಂದಿದೆ. ಡೆಸ್ಡಿಮೋನಾ ಪ್ರಾಮಾಣಿಕಳೆಂದೇ ನಾನು ನಂಬುತ್ತೇನೆ ಎಂದು ಒಥೆಲೊ ಇನ್ನೂ ಹೇಳುತ್ತಿರುವಾಗಲೇ, ಆದರೂ ಪ್ರಕೃತಿ ದಾರಿ ತಪ್ಪಿದರೆ ಎಂದು ಅವನ ಬಾಯಿಂದ ಅರ್ಧ ವಾಕ್ಯ ಜಾರುತ್ತದೆ. ಇಯಾಗೊ ಅದನ್ನೇ ಹಿಡಿದುಕೊಳ್ಳುತ್ತಾನೆ: ಅದೇ ವಿಷಯ! ತನ್ನ ನಾಡಿನ, ತನ್ನ ಬಣ್ಣದ, ತನ್ನ ಅಂತಸ್ತಿನ ವರಗಳನ್ನೆಲ್ಲ ಬಿಟ್ಟು ಇವಳು ನಿಮ್ಮನ್ನು ಆರಿಸಿಕೊಂಡದ್ದೇ ಅಸಹಜವಲ್ಲವೆ? ಸೆನೆಟ್‌ನಲ್ಲಿ ಬ್ರಬಾನ್ಷಿಯೊ ಆಡಿದ್ದ, ಒಥೆಲೊ ಅಂದು ನಿರಾಯಾಸವಾಗಿ ಗೆದ್ದಿದ್ದ ವಾದವೇ ಇದು. ಈಗ ಅದು ಅವನೊಳಗಿನಿಂದಲೇ ಎದ್ದು ಬಂದಿದೆ. ನಾನು ಕಪ್ಪಗಿದ್ದೇನೆ, ನಯವಾಗಿ ಮಾತಾಡಲು ಬಾರದು, ವಯಸ್ಸು ಇಳಿಯುತ್ತಿದೆ ಎಂದು ಅವನೇ ಪಟ್ಟಿ ಮಾಡಿಕೊಳ್ಳುತ್ತಾನೆ. ಪರದೇಶಿಯಾಗಿ ಬದುಕಿದವನ ಎದೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಅವಮಾನಕ್ಕೆ ಇಯಾಗೊ ಬರಿಯ ದಾರಿ ತೋರಿಸಿದ, ಅಷ್ಟೆ.

ಪ್ರಶ್ನೆಗೂ ತನ್ನದೇ ವಿಷ ಇರುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕೊಂದನ್ನು ತೋರಿಸಿದರು. ಕೆಲವರನ್ನು ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದು ಕೇಳಿದರು, ಕೆಲವರನ್ನು ‘ಗುದ್ದಿದಾಗ’ ಎಂದು ಕೇಳಿದರು. ವಾರದ ನಂತರ ಒಡೆದ ಗಾಜು ನೋಡಿದಿರಾ ಎಂದರೆ ಮೊದಲ ಗುಂಪಿನ 50 ಮಂದಿಯಲ್ಲಿ 16 ಮಂದಿ ಹೌದು ಎಂದರು, ಎರಡನೆಯ ಗುಂಪಿನ 50ರಲ್ಲಿ 7 ಮಂದಿ. ಆ ತುಣುಕಿನಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಕ್ರಿಯಾಪದ ಗಾಜು ಒಡೆಯಬಲ್ಲದಾದರೆ, ಕ್ಯಾಸಿಯೊ ನಿದ್ದೆಯಲ್ಲಿ ಡೆಸ್ಡಿಮೋನಾಳ ಹೆಸರು ಕನವರಿಸಿದನೆಂದು ಇಯಾಗೊ ಕಟ್ಟಿದ ಕತೆ ಏನೆಲ್ಲ ಮಾಡಬಹುದು ಎಂದು ಊಹಿಸಿ. ಅದು ಕನಸು ಮಾತ್ರ ಎಂದು ಇಯಾಗೊ ತಾನೇ ಹೇಳುತ್ತಾನೆ. ಆದರೂ ಅದು ಹಿಂದೆ ನಡೆದದ್ದರ ಗುರುತು ಎಂದು ವಾದಿಸುವವನು ಒಥೆಲೊ.

ಇನ್ನು ಅಸೂಯೆಪಡಬೇಡಿ ಎಂದು ಇಯಾಗೊ ಕೊಡುವ ಎಚ್ಚರಿಕೆ. ಡೇನಿಯಲ್ ವೆಗ್ನರ್ 1987ರಲ್ಲಿ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಹೇಳಿ, ಯೋಚನೆ ಬಂದಾಗಲೆಲ್ಲ ಗಂಟೆ ಬಾರಿಸಲು ಹೇಳಿದ. ಗಂಟೆ ಮೊಳಗುತ್ತಲೇ ಇತ್ತು. ಯೋಚಿಸಬಹುದು ಎಂದು ಬಿಟ್ಟ ಮೇಲಂತೂ, ಮೊದಲಿನಿಂದಲೂ ಯೋಚಿಸಲು ಬಿಟ್ಟಿದ್ದವರಿಗಿಂತ ಇವರಿಗೆ ಕರಡಿ ಹೆಚ್ಚು ಬಂತು. ಗೆಳೆಯನ ಕಾಳಜಿಯಂತೆ ಕೇಳಿಸುವ ಇಯಾಗೊನ ಎಚ್ಚರಿಕೆ, ಒಥೆಲೊನ ಮನಸ್ಸಿನಲ್ಲಿ ಆ ಗಂಟೆಯನ್ನು ಕಟ್ಟಿ ಹೋಗುತ್ತದೆ.

ಹಾಗಾದರೆ ಅಸೂಯೆ ಎಂಬುದೇ ರೋಗವೆ? ಖಂಡಿತ ಅಲ್ಲ. ಸಿಬಿಲ್ ಹಾರ್ಟ್ ನಡೆಸಿದ ಅಧ್ಯಯನದಲ್ಲಿ ಆರು ತಿಂಗಳ ಕೂಸುಗಳ ಮುಂದೆ ತಾಯಿ ಪುಸ್ತಕ ಹಿಡಿದು ಕೂತಾಗ ಕೂಸುಗಳು ಅಷ್ಟಾಗಿ ಕಳವಳಪಡಲಿಲ್ಲ. ಮಗುವಿನಂತೆಯೇ ಕಾಣುವ ಗೊಂಬೆಯನ್ನು ಎತ್ತಿ ಮುದ್ದಿಸಿದಾಗ ಹೆಚ್ಚು ಕಳವಳಪಟ್ಟವು. 2014ರಲ್ಲಿ ಕ್ರಿಸ್ಟೀನ್ ಹ್ಯಾರಿಸ್ ಮತ್ತು ಕ್ಯಾರೊಲಿನ್ ಪ್ರೊವೊ 36 ನಾಯಿಗಳ ಮೇಲೆ ಅಂಥದೇ ಪರೀಕ್ಷೆ ಮಾಡಿದರು. ಒಡೆಯ ಬೊಗಳುವ ಆಟಿಕೆ ನಾಯಿಯನ್ನು ಮುದ್ದಾಡಿದಾಗ ನಿಜವಾದ ನಾಯಿಗಳು ನಡುವೆ ನುಗ್ಗಿದವು, ಒಡೆಯನನ್ನು ಮೂತಿಯಿಂದ ತಳ್ಳಿದವು. ಜೋಡಿಯಾಗಿ ಬಾಳುವ ಟೀಟಿ ಕೋತಿಗಳಲ್ಲಿ, ಸಂಗಾತಿ ಅಪರಿಚಿತ ಗಂಡಿನ ಬಳಿ ಕೂತದ್ದನ್ನು ಕಂಡ ಗಂಡಿನ ಮಿದುಳಿನ ಕೆಲವು ಭಾಗಗಳಲ್ಲಿ ಚಟುವಟಿಕೆ ಏರಿದ್ದನ್ನು 2017ರಲ್ಲಿ ವರದಿ ಮಾಡಲಾಯಿತು. ಬೆಲೆಬಾಳುವ ಸಂಬಂಧಕ್ಕೆ ಮೂರನೆಯವರು ಅಡ್ಡ ಬಂದರೆ ಎಚ್ಚರಿಸುವ ವ್ಯವಸ್ಥೆ ಮನುಷ್ಯನಿಗಿಂತ ಹಳೆಯದು. ಗಂಡಿಗೂ ಹೆಣ್ಣಿಗೂ ಅದು ಬೇರೆ ಬೇರೆ ರೀತಿ ಕೆಲಸ ಮಾಡುತ್ತದೆಯೇ ಎಂಬುದರ ಬಗ್ಗೆ ಡೇವಿಡ್ ಬಸ್ 1992ರಲ್ಲಿ ಎಬ್ಬಿಸಿದ ವಾದ ಇನ್ನೂ ಬಗೆಹರಿದಿಲ್ಲ. ಇಲ್ಲಿ ಅದು ನಮಗೆ ಬೇಡ.

ಆದರೆ ಆ ನಾಯಿಗಳಿಗೆ ಮೂರನೆಯ ಪ್ರಾಣಿ ಕಣ್ಣೆದುರೇ ಇತ್ತು. ಮನುಷ್ಯನಿಗೆ ಬರಿ ಕಲ್ಪನೆ ಸಾಕು. ಅದಕ್ಕಾಗಿಯೇ ಮನುಷ್ಯನ ಅಸೂಯೆಯನ್ನು ಹೊರಗಿನವರು ಕೈಗೆತ್ತಿಕೊಳ್ಳಬಹುದು. ಒಥೆಲೊನ ವಿಷಯದಲ್ಲಿ ಒಂದು ಹೆಚ್ಚಿನ ಅಪಾಯವೂ ಇತ್ತು. ಅವಳ ಪ್ರೀತಿಯ ಮೇಲೆ ಅವನು ತನ್ನ ಇಡೀ ವ್ಯಕ್ತಿತ್ವವನ್ನು ನಿಲ್ಲಿಸಿದ್ದ. ಸಂಶಯ ಹೊಕ್ಕ ಕೂಡಲೇ ಅವನು ಹೆಂಡತಿಗಿಂತ ಮೊದಲು ವಿದಾಯ ಹೇಳುವುದು ಕುದುರೆ, ಕಹಳೆ, ಧ್ವಜ, ಸಮರಕ್ಕೆ. ಸೈನಿಕನಾಗಿ ತಾನು ಗಳಿಸಿದ್ದೆಲ್ಲವೂ ಅವಳ ಜೊತೆಗೇ ಹೋಯಿತೆಂದು ಅವನಿಗೆ ಅನಿಸಿಬಿಡುತ್ತದೆ.

ಈಗ ಕರವಸ್ತ್ರಕ್ಕೆ ಬರೋಣ. ಸ್ಟ್ರಾಬೆರಿ ಹಣ್ಣುಗಳ ಕಸೂತಿ ಇರುವ ಆ ಬಟ್ಟೆ ಒಥೆಲೊ ಕೊಟ್ಟ ಮೊದಲ ಉಡುಗೊರೆ. ಅವನ ತಲೆನೋವಿಗೆ ಕಟ್ಟಲು ಡೆಸ್ಡಿಮೋನಾ ಅದನ್ನೇ ತೆಗೆಯುತ್ತಾಳೆ. ಚಿಕ್ಕದಾಯಿತು ಎಂದು ಅವನೇ ತಳ್ಳುತ್ತಾನೆ. ಅದು ನೆಲಕ್ಕೆ ಬಿದ್ದದ್ದನ್ನು ಇಬ್ಬರೂ ಗಮನಿಸುವುದಿಲ್ಲ. ಇಯಾಗೊನ ಹೆಂಡತಿ ಎಮಿಲಿಯಾ ಎತ್ತಿಕೊಂಡು, ಗಂಡ ಬಹಳ ದಿನದಿಂದ ಕೇಳುತ್ತಿದ್ದನೆಂದು ಅವನಿಗೆ ಕೊಡುತ್ತಾಳೆ. ಅವನು ಅದನ್ನು ಕ್ಯಾಸಿಯೊನ ಕೋಣೆಯಲ್ಲಿ ಬೀಳಿಸುತ್ತಾನೆ. ಯಾರದೋ ಏನೋ ಎಂದು ಕ್ಯಾಸಿಯೊ ಅದರ ಕಸೂತಿಯ ನಕಲು ತೆಗೆಯಲು ತನ್ನ ಗೆಳತಿ ಬಿಯಾಂಕಾಳಿಗೆ ಕೊಡುತ್ತಾನೆ. ಷೇಕ್ಸ್‌ಪಿಯರನಿಗೆ ಮೂಲವಾದ ಜಿರಾಲ್ಡಿ ಚಿಂಥಿಯೊನ 1565ರ ಇಟಾಲಿಯನ್ ಕತೆಯಲ್ಲಿ ಖಳನೇ ತನ್ನ ಪುಟ್ಟ ಮಗಳನ್ನು ಮುಂದಿಟ್ಟುಕೊಂಡು ಅದನ್ನು ಕದಿಯುತ್ತಾನೆ. ನಾಟಕಕಾರ ಅದನ್ನು ಬದಲಿಸಿ, ಸತ್ಯವನ್ನು ಐದು ತುಂಡು ಮಾಡಿ ಐದು ಜನರ ಕೈಗೆ ಹಂಚಿದ. ನನಗೆ ಇದು ಅವನ ಅತಿ ದೊಡ್ಡ ಒಳನೋಟವೆನಿಸುತ್ತದೆ.

ಏಕೆಂದರೆ ಆ ಐವರಲ್ಲಿ ಯಾರನ್ನಾದರೂ ಸರಿಯಾಗಿ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲವೆಂದೂ ಅಲ್ಲ. ನಾಲ್ಕನೆಯ ಅಂಕದಲ್ಲಿ ಒಥೆಲೊ ಎಮಿಲಿಯಾಳನ್ನು ವಿಚಾರಿಸುತ್ತಾನೆ: ಅವರಿಬ್ಬರು ಗುಟ್ಟಾಗಿ ಮಾತಾಡಿದ್ದಿದೆಯೆ, ನಿನ್ನನ್ನು ಹೊರಗೆ ಕಳಿಸಿದ್ದಿದೆಯೆ? ಎಂದೂ ಇಲ್ಲ, ಅವಳು ಶುದ್ಧಳೆಂದು ನನ್ನ ಆತ್ಮವನ್ನೇ ಪಣವಿಡುತ್ತೇನೆ ಎನ್ನುತ್ತಾಳೆ ಎಮಿಲಿಯಾ. ಇಷ್ಟು ಸ್ಪಷ್ಟ ಸಾಕ್ಷ್ಯ ನಾಟಕದಲ್ಲಿ ಇನ್ನೊಂದಿಲ್ಲ. ಒಥೆಲೊ ಕೇಳಿಸಿಕೊಳ್ಳುತ್ತಾನೆ, ಇವಳು ಚಾಲಾಕಿ ಕುಂಟಣಿ ಎಂದು ತೀರ್ಮಾನಿಸುತ್ತಾನೆ. ಊಹೆಗೆ ವಿರುದ್ಧವಾದದ್ದು ಈಗ ಊಹೆಗೇ ಪುರಾವೆ. 1960ರಲ್ಲಿ ಪೀಟರ್ ವೇಸನ್ 2, 4, 6 ಎಂಬ ಮೂರು ಅಂಕಿ ಕೊಟ್ಟು, ಇದರ ಹಿಂದಿನ ನಿಯಮ ಕಂಡುಹಿಡಿಯಿರಿ ಎಂದಾಗಲೂ ಹೆಚ್ಚಿನವರು ತಮ್ಮ ಊಹೆಗೆ ಹೊಂದುವ ಅಂಕಿಗಳನ್ನೇ ಮತ್ತೆ ಮತ್ತೆ ಕೊಟ್ಟು, ಊಹೆ ತಪ್ಪಾಗಿದ್ದರೆ ಏನಾಗಬೇಕು ಎಂದು ಪರೀಕ್ಷಿಸದೆಹೋದರು. ನಿಯಮ ಏರುವ ಅಂಕಿಗಳು, ಅಷ್ಟೇ. ಒಥೆಲೊಗೂ ಒಂದು ಸರಳ ಪರೀಕ್ಷೆ ಇತ್ತು: ದಿನ ಎಣಿಸುವುದು. ಕ್ಯಾಸಿಯೊ ಬಂದದ್ದು ಒಂದು ಹಡಗಿನಲ್ಲಿ, ಡೆಸ್ಡಿಮೋನಾ ಇನ್ನೊಂದರಲ್ಲಿ, ಒಥೆಲೊ ಮತ್ತೊಂದರಲ್ಲಿ. ಸೈಪ್ರಸ್ಸಿಗೆ ಬಂದ ಮರುದಿನವೇ ಸಂಶಯ ಹುಟ್ಟಿದೆ. ದ್ರೋಹಕ್ಕೆ ಸಮಯವೇ ಇಲ್ಲ ಎಂಬುದನ್ನು ವಿಮರ್ಶಕರು ಹತ್ತೊಂಬತ್ತನೆಯ ಶತಮಾನದಿಂದಲೂ ಚರ್ಚಿಸಿದ್ದಾರೆ, ಕೆಲವರು ಅದನ್ನು ನಾಟಕದ ದೋಷವೆಂದೂ ಕರೆದಿದ್ದಾರೆ. ಸಂಶಯ ಹಿಡಿದವನು ದಿನ ಎಣಿಸುವುದಿಲ್ಲ ಎಂಬ ಸತ್ಯಕ್ಕೆ ಅದು ಹತ್ತಿರವಾಗಿದೆ ಎಂದು ನಾನು ಓದುತ್ತೇನೆ.

ಬದಲಾವಣೆ ಕಿವಿಗೂ ಕೇಳಿಸುತ್ತದೆ. ಸೆನೆಟ್‌ನಲ್ಲಿ ಒಥೆಲೊನ ಮಾತು ತುಂಬಿದ ಹೊಳೆಯಂತೆ ಹರಿದಿತ್ತು. ನಾಲ್ಕನೆಯ ಅಂಕದ ಹೊತ್ತಿಗೆ ಛಂದಸ್ಸು ಮುರಿದು ಗದ್ಯವಾಗಿದೆ, ಗದ್ಯವೂ ಮುರಿದು ಬಿಡಿ ಪದಗಳಾಗಿವೆ, ಕೊನೆಗೆ ಅವನು ಮೂರ್ಛೆ ಹೋಗಿ ಬೀಳುತ್ತಾನೆ. ಎದ್ದ ಮೇಲೆ ಅವನ ಬಾಯಲ್ಲಿ ಮನುಷ್ಯರ ಬದಲು ಪ್ರಾಣಿಗಳ ಹೆಸರು. ಮೊದಲ ದೃಶ್ಯದಿಂದ ಹಾಗೆ ಮಾತಾಡುತ್ತಿದ್ದವನು ಇಯಾಗೊ.

1955ರಲ್ಲಿ ಜಾನ್ ಟಾಡ್ ಮತ್ತು ಕೆನೆತ್ ಡ್ಯೂಹರ್ಸ್ಟ್ ಎಂಬ ಮನೋವೈದ್ಯರು, ಸಂಗಾತಿ ಮೋಸ ಮಾಡುತ್ತಿದ್ದಾರೆಂಬ ಅಲುಗದ ಭ್ರಮೆಗೆ ‘ಒಥೆಲೊ ಸಿಂಡ್ರೋಮ್’ ಎಂದು ಹೆಸರಿಟ್ಟರು. ದೀರ್ಘ ಕಾಲದ ಕುಡಿತ, ಮಿದುಳಿನ ಕಾಯಿಲೆ, ಪಾರ್ಕಿನ್ಸನ್‌ಗೆ ಕೊಡುವ ಡೋಪಮಿನ್ ಸಂಬಂಧಿ ಔಷಧಗಳು ಇದಕ್ಕೆ ಕಾರಣವಾಗಬಹುದು. ಔಷಧ ಬದಲಿಸಿದಾಗ ಸಂಶಯ ಕರಗಿಹೋದ ರೋಗಿಗಳೂ ಇದ್ದಾರೆ. ವಯಸ್ಸಾದ ತಂದೆಯೋ ತಾಯಿಯೋ ಇದ್ದಕ್ಕಿದ್ದಂತೆ ಸಂಗಾತಿಯ ಮೇಲೆ ಇಂಥ ಆರೋಪ ಹೊರಿಸತೊಡಗಿದರೆ ಅದನ್ನು ನಾಚಿಕೆಯ ವಿಷಯವೆಂದು ಮುಚ್ಚಿಡದೆ ನರರೋಗ ತಜ್ಞರಿಗೆ ತೋರಿಸಬೇಕು. ಆದರೆ ಹೆಸರು ಮಾತ್ರ ಸರಿಹೊಂದಿಲ್ಲ. ಆ ರೋಗಿಗಳಿಗೆ ಇಯಾಗೊನ ಅಗತ್ಯವಿಲ್ಲ; ಅವರ ಮಿದುಳೇ ಆ ಕೆಲಸ ಮಾಡಿರುತ್ತದೆ. ಒಥೆಲೊನ ಮಿದುಳಿಗೆ ಬಂದ ಮಾಹಿತಿಯನ್ನೇ ಇನ್ನೊಬ್ಬ ಕೆಡಿಸಿದ್ದ.

ನಾಟಕಕ್ಕೆ ಹೆಚ್ಚು ನ್ಯಾಯ ಸಲ್ಲಿಸಿದ ಹೆಸರು ಪಾಲ್ ಎಕ್ಮನ್ 1985ರಲ್ಲಿ ಕೊಟ್ಟ ‘ಒಥೆಲೊ ದೋಷ’. ಮಂಚದ ಪಕ್ಕ ನಿಂತ ಒಥೆಲೊ, ಕ್ಯಾಸಿಯೊ ಸತ್ತನೆಂದು ಹೇಳುತ್ತಾನೆ. ತನ್ನ ನಿರಪರಾಧಿತ್ವಕ್ಕೆ ಉಳಿದಿದ್ದ ಒಬ್ಬನೇ ಸಾಕ್ಷಿ ಹೋದನೆಂದು ಡೆಸ್ಡಿಮೋನಾ ಅಳುತ್ತಾಳೆ. ಪ್ರಿಯಕರನಿಗಾಗಿ ಅಳುತ್ತಿದ್ದಾಳೆಂದು ಅವನು ಓದುತ್ತಾನೆ. ಸಿಕ್ಕಿಬೀಳುವ ಸುಳ್ಳುಗಾರನ ಭಯವೂ, ಯಾರೂ ನಂಬದೆ ಹೋದಾರೆಂಬ ನಿರಪರಾಧಿಯ ಭಯವೂ ಮುಖದ ಮೇಲೆ ಒಂದೇ ತರ ಕಾಣುತ್ತವೆ. ಪೊಲೀಸ್ ವಿಚಾರಣೆಯ ಕೋಣೆಗಳಲ್ಲೂ ಈ ಎಚ್ಚರ ಬೇಕು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಒಥೆಲೊನ ಅಪರಾಧ ಹಗುರಾಗುವುದಿಲ್ಲ. ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂಬ ತಲೆಬರಹವನ್ನು ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಓದದ ಕನ್ನಡಿಗರು ಯಾರಿದ್ದಾರೆ? ಆ ತಲೆಬರಹದಲ್ಲಿ ಸತ್ತವಳ ಶೀಲವೇ ಮೊದಲ ಪದವಾಗಿ ನಿಲ್ಲುವುದು ನನ್ನನ್ನು ಪ್ರತಿ ಸಲವೂ ಕಲಕುತ್ತದೆ. ಮೈಸೂರು ಆಸ್ಥಾನದ ಬಸಪ್ಪ ಶಾಸ್ತ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಈ ನಾಟಕವನ್ನು ‘ಶೂರಸೇನ ಚರಿತ್ರೆ’ ಎಂದು ಕನ್ನಡಕ್ಕೆ ತಂದರು. ಕತೆ ನಮಗೆ ಪರಕೀಯವೆನಿಸದಿದ್ದುದಕ್ಕೆ ಹೆಮ್ಮೆಪಡುವಂತೆಯೂ ಇಲ್ಲ. ಕೊಲೆಗೆ ಮುಂಚಿನ ಗುರುತುಗಳು ನಾಟಕದಲ್ಲಿವೆ, ಮನೆಗಳಲ್ಲೂ ಇರುತ್ತವೆ. ಅಮೆರಿಕದ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ರೂಪಿಸಿದ ಅಪಾಯ ಅಳೆಯುವ ಪ್ರಶ್ನಾವಳಿಯಲ್ಲಿ, ಅವನು ಸದಾ ಹಿಂಸಾತ್ಮಕವಾಗಿ ಸಂಶಯಪಡುತ್ತಾನೆಯೇ ಎಂಬುದು ಒಂದು ಪ್ರಶ್ನೆ. ನ್ಯಾನ್ಸಿ ಗ್ಲಾಸ್ ಮತ್ತು ಸಂಗಡಿಗರ 2008ರ ಅಧ್ಯಯನದ ಪ್ರಕಾರ, ಸಂಗಾತಿ ಹಿಂದೊಮ್ಮೆ ಕತ್ತು ಹಿಸುಕಿದ್ದ ಮಹಿಳೆ ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗಿಂತ ಹೆಚ್ಚು. ಇಂಗ್ಲೆಂಡಿನಲ್ಲಿ 2009ರ ಕಾಯ್ದೆಯೊಂದು, ಸಂಗಾತಿಯ ದ್ರೋಹವನ್ನು ಕೊಲೆಗಾರನ ಹತೋಟಿ ತಪ್ಪಿಸಿದ ಪ್ರಚೋದನೆಯಾಗಿ ಪರಿಗಣಿಸಬಾರದೆಂದು ಹೇಳಿತು. ನಾಟಕ 1604ರ ನವೆಂಬರ್ 1ರಂದು ಜೇಮ್ಸ್ ದೊರೆಯ ಆಸ್ಥಾನದಲ್ಲಿ ಆಡಲ್ಪಟ್ಟು ಆಗ ನಾಲ್ಕು ಶತಮಾನ ಕಳೆದಿತ್ತು.

ಕೊಲೆಗೆ ಕೆಲವೇ ಗಂಟೆ ಮೊದಲು ಒಥೆಲೊ ಎಲ್ಲರ ಎದುರು ಹೆಂಡತಿಗೆ ಹೊಡೆಯುತ್ತಾನೆ. ವೆನಿಸ್ಸಿನಿಂದ ಬಂದ ರಾಯಭಾರಿ, ಅವಳ ನೆಂಟ ಲೊಡೊವಿಕೊ, ಬೆಚ್ಚಿಬಿದ್ದು ಅವಳನ್ನು ಸಮಾಧಾನಪಡಿಸು ಎನ್ನುತ್ತಾನೆ. ಆಮೇಲೆ ಇವನಿಗೆ ಬುದ್ಧಿ ಸ್ವಾಧೀನದಲ್ಲಿದೆಯೇ ಎಂದು ವಿಚಾರಿಸುತ್ತಾನೆ. ವಿಚಾರಿಸುವುದು ಇಯಾಗೊನನ್ನು. ರಾತ್ರಿ ಅದೇ ಮನೆಯಲ್ಲಿ ಊಟ ಮಾಡಿ, ಡೆಸ್ಡಿಮೋನಾಗೆ ವಂದಿಸಿ ಹೊರಡುತ್ತಾನೆ. ಅವಳನ್ನು ಒಂದು ಮಾತು ಕೇಳುವುದಿಲ್ಲ.

ಅವಳು ಉಸಿರುಗಟ್ಟಿ ಸತ್ತ ಮೇಲೆ ತುಂಡುಗಳು ಕೂಡಿಕೊಳ್ಳುತ್ತವೆ. ಒಥೆಲೊ ಕರವಸ್ತ್ರದ ಮಾತೆತ್ತಿದ ಕೂಡಲೇ ಎಮಿಲಿಯಾ, ಅದನ್ನು ಎತ್ತಿ ಗಂಡನಿಗೆ ಕೊಟ್ಟವಳು ನಾನೇ ಎಂದು ಕಿರುಚುತ್ತಾಳೆ. ಬಾಯಿ ಮುಚ್ಚು ಎಂದ ಗಂಡನಿಗೆ ಬಗ್ಗುವುದಿಲ್ಲ, ಅವನ ಕತ್ತಿಗೆ ಬಲಿಯಾಗುತ್ತಾಳೆ. ಇಯಾಗೊನ ಕೈಗೊಂಬೆಯಾಗಿದ್ದು ಸತ್ತ ರೊಡೆರಿಗೊನ ಜೇಬಿನಲ್ಲಿ ಇಯಾಗೊನ ಸಂಚು ಹೇಳುವ ಪತ್ರಗಳು ಸಿಗುತ್ತವೆ. ಸಾಯದೆ ಬರಿ ಗಾಯಗೊಂಡಿದ್ದ ಕ್ಯಾಸಿಯೊನನ್ನು ಕುರ್ಚಿಯಲ್ಲಿ ಹೊತ್ತು ತರುತ್ತಾರೆ. ನನ್ನ ಹೆಂಡತಿಯ ಕರವಸ್ತ್ರ ನಿನ್ನ ಕೈಗೆ ಹೇಗೆ ಬಂತು ಎಂದು ಒಥೆಲೊ ಅವನನ್ನು ನೇರವಾಗಿ ಕೇಳುತ್ತಾನೆ, ಮೊತ್ತಮೊದಲ ಬಾರಿಗೆ. ನನ್ನ ಕೋಣೆಯಲ್ಲಿ ಬಿದ್ದಿತ್ತು, ಬೀಳಿಸಿದವನು ತಾನೇ ಎಂದು ಇಯಾಗೊ ಈಗಷ್ಟೇ ಒಪ್ಪಿಕೊಂಡ ಎನ್ನುತ್ತಾನೆ ಕ್ಯಾಸಿಯೊ. ಆ ಉತ್ತರಕ್ಕೆ ನಾಟಕದಲ್ಲಿ ನಾಲ್ಕೈದು ಸಾಲು ಹಿಡಿದಿದೆ.